ಮೋರಿ

ಡಾಕ್ಟ್ರಮ್ಮ ಪ್ಲಾಸ್ಟಿಕ್ ಸ್ಕೇಲು ಹಿಡಿದು
ಸಂಪಂಗಿಯ ಮುಖ ಅಳೆದಳು.
ಕಣ್ಣಿನ ಈ ಮೂಲೆಯಿಂದ ಆ ಮೂಲೆಗೆ ಎಷ್ಟು,
ಮೇಲ್ತುಟಿ ಎಷ್ಟು ತೆಳು.
ಮೂಗಿನ ಕೆಳಗೆ ಎಲ್ಲರಿಗೂ ಒಂದು ಗೀರು ಇರುತ್ತದಲ್ಲ,
ಸಣ್ಣ ಮೋರಿಯ ಹಾಗೆ,
ಅದು ಇವನಿಗೆ ಇಲ್ಲವಂತೆ.
ಒಂಬತ್ತು ವರ್ಷ ಅಲ್ಲಿಳಿದ ಸಿಂಬಳ ಒರೆಸಿದವಳು,
ನಾನು ನೋಡಿರಲಿಲ್ಲ.

ರಸೆಲ್ ಮಾರ್ಕೆಟ್ಟಿನ ಹಿಂದಿನ ಅಷ್ಟೂ ಮೋರಿ
ನನ್ನ ಕೈಯನ್ನು ಬಲ್ಲವು.
ಎಲ್ಲಿ ಕಟ್ಟಿಕೊಂಡಿದೆ ಅಂತ
ವಾಸನೆಯಲ್ಲೇ ಹೇಳುತ್ತಿದ್ದೆ.
ನನ್ನ ಮಗನ ಮುಖದಲ್ಲೇ
ತೋಡದೆ ಬಿಟ್ಟದ್ದೊಂದು.

"ಹೊಟ್ಟೇಲಿ ಮಗು ಇದ್ದಾಗ ಕುಡೀತಿದ್ರಾ?"
ಫಾರಮ್ಮಿನಲ್ಲಿ ಹೌದು ಒಂದು ಚೌಕ, ಇಲ್ಲ ಒಂದು ಚೌಕ.
ಹಿಂದೆ ಮೂರು ಆಸ್ಪತ್ರೆಯಲ್ಲಿ ಇಲ್ಲ ಅಂದಿದ್ದೆ.
ಈ ಸಲ, ಬರ್ಕೊಳಿ ಅಂದೆ.

ಬರ್ಕೊಳಿ. ಐದೂವರೆಗೆ ಹಾಜರಿ.
ಡಿಸೆಂಬರಿನ ಚಳಿ, ಮೀನಿನ ಕರುಳು, ಕೋಳಿ ಪುಕ್ಕ,
ಕೈಗವಸು ಕೇಳಿದರೆ ನಗುತ್ತಿದ್ದ ಮೇಸ್ತ್ರಿ ಅಂಜಿನಪ್ಪ.
ಮೂರು ತಿಂಗಳ ಬಸುರಿಗೆ ಆ ನಾತ!
ತೊಂಬತ್ತರ ಪೊಟ್ಟಣದ ಮೂಲೆ ಹಲ್ಲಲ್ಲಿ ಕಚ್ಚಿ
ಗಟಗಟ ಇಳಿಸಿದರೆ
ಮೂಗು ಸಾಯುತ್ತಿತ್ತು, ಕೈಗೆ ಜೀವ ಬರುತ್ತಿತ್ತು.
ನಮ್ಮ ಗ್ಯಾಂಗಿನ ಹನ್ನೊಂದು ಹೆಂಗಸರೂ ಹಾಗೇ.
"ಹೊಟ್ಟೆಗೆ ಬೆಚ್ಚಗೆ, ಕೂಸಿಗೂ ಒಳ್ಳೇದು" ಅಂದಿದ್ದಳು ಪೆಂಚಾಲಮ್ಮ.
ಅವಳೂ ಪಾಪ ನಂಬಿದ್ದಳು.
ಬೀಡೀನೂ ಬರ್ಕೊಳಿ. ದಿನಕ್ಕೆ ಆರು ನನ್ನವು,
ಒಂದು ಕಟ್ಟು ಅವನಪ್ಪನದು,
ಒಂದೇ ರೂಮು, ಕಿಟಕಿಗೆ ರಟ್ಟು ಹೊಡೆದಿತ್ತು.

ಅವನಪ್ಪನಿಗೆ ಚೌಕ ಇರಲಿಲ್ಲ ಫಾರಮ್ಮಿನಲ್ಲಿ.
ಕೈಗವಸಿಗೂ.

ಒಂದೂಮುಕ್ಕಾಲು ಕೇಜಿ ಇದ್ದ, ಹುಟ್ಟಿದಾಗ.
ಮಳೆಗೆ ಉಬ್ಬಸ, ಬಿಸಿಲ ಧೂಳಿಗೂ ಉಬ್ಬಸ.
ಏಳರ ತನಕ ಎಣಿಸುತ್ತಾನೆ. ಎಂಟಕ್ಕೆ ಹೋಗುವ ದಾರಿಯಲ್ಲಿ
ಏನೋ ನೋಡುತ್ತ ನಿಂತುಬಿಡುತ್ತಾನೆ.
ನಿನ್ನೆ ಕಲಿತ ಶೂ ಲೇಸು ಇವತ್ತು ಹೊಸದು.
ತುಂಟ ಅಂತ ಮಿಸ್ಸು ಹೊರಗೆ ನಿಲ್ಲಿಸಿದರೆ
ಯಾಕೆ ನಿಲ್ಲಿಸಿದರು ಅನ್ನೋದನ್ನೇ ಮರೆತು
ನಾಯಿಯ ಜೊತೆ ಹೊರಟುಹೋಗುತ್ತಾನೆ.
"ವಾಸಿ ಆಗುತ್ತಾ?"
ಡಾಕ್ಟ್ರಮ್ಮ ಸ್ಕೇಲು ಒರೆಸಿದಳು, ಒರೆಸುತ್ತಲೇ ಇದ್ದಳು.
"ಕಲಿಸಬಹುದು. ನಿಧಾನಕ್ಕೆ."

ಈಗ ನನ್ನ ಡ್ಯೂಟಿ ಕಾಕ್ಸ್ ಟೌನಿನ ಅಪಾರ್ಟ್‌ಮೆಂಟು.
ಹಸಿ ಬೇರೆ, ಒಣ ಬೇರೆ.
ಕಸಕ್ಕೆ ಸುಳ್ಳು ಹೇಳಲು ಬರೋದಿಲ್ಲ.
ಮೂರನೇ ಮಹಡಿಯ ಚೀಲದಲ್ಲಿ ಒಂದು ದಿನ
ಎರಡು ಗೆರೆ ಮೂಡಿದ ಕಡ್ಡಿ.
ಖುಷಿಯಾಯಿತು, ಯಾರ ಮನೆಯದಾದರೇನು.
ಮುಂದಿನ ವಾರ ಮಾತ್ರೆಯ ಖಾಲಿ ಪಟ್ಟಿ,
ಬಸುರಿಯರಿಗೆ ಕೊಡುತ್ತಾರಲ್ಲ, ಅದೇ.
ಪಕ್ಕದಲ್ಲೇ ವೈನಿನ ಬಾಟಲಿ,
ಲಿಪ್‌ಸ್ಟಿಕ್ಕು ಹತ್ತಿದ ಸಿಗರೇಟಿನ ತುದಿಗಳು.
ಅದರ ಮುಂದಿನ ವಾರವೂ.

ಬೆಲ್ಲು ಒತ್ತಿದೆ.
ಎಷ್ಟೋ ಹೇಳಬೇಕು ಅಂದುಕೊಂಡಿದ್ದೆ.
"ಅಕ್ಕಾ, ಬಾಟ್ಲು ಬೇಡ."
"ಒಣ ಕಸದಲ್ಲೇ ಹಾಕಿದೀನಲ್ಲ?"
"ಅದಲ್ಲಕ್ಕಾ..."
ನನ್ನ ಕೈ ತಾನಾಗಿ ನನ್ನ ಹೊಟ್ಟೆಯ ಮೇಲೆ ಹೋಗಿತ್ತು.
ಅವಳ ಕಣ್ಣು ಅಲ್ಲಿಗೆ ಇಳಿಯಿತು.
ಬಾಗಿಲು ಹಾಕಿಕೊಂಡಿತು.

ಮಧ್ಯಾಹ್ನ ಮೇಸ್ತ್ರಿಗೆ ಫೋನು ಬಂತು. ಅರ್ಧ ದಿನದ ಸಂಬಳ ಕಟ್.

ಈ ವಾರ ಅವಳ ಚೀಲದಲ್ಲಿ ಬಾಟಲಿ ಇಲ್ಲ.
ಬಿಟ್ಟಳೋ,
ನನ್ನ ಕಣ್ಣಿಗೆ ಬೀಳದ ಕಡೆ ಎಸೆದಳೋ.
ಹಸಿ ಬುಟ್ಟಿಯಲ್ಲಿ ಕಿತ್ತಳೆ ಸಿಪ್ಪೆ ಮಾತ್ರ ಬಹಳ ಇತ್ತು.

ಸಂಜೆ ಸಂಪಂಗಿಯನ್ನು ಮಡಿಲಿಗೆ ಎಳೆದುಕೊಂಡು
ಮೂಗಿನಿಂದ ತುಟಿಗೆ
ಕಿರುಬೆರಳಲ್ಲಿ ಒಂದು ಗೀರು ಎಳೆದೆ.
ಕಚಗುಳಿಯಾಗಿ ನಕ್ಕ. "ಇನ್ನೊಂದ್ ಸಲ."
ಎಳೆದೆ. ಎಣಿಸಿದ.
ಎಳೆದೆ. ಎಣಿಸಿದ.
ಏಳರ ತನಕ ಬಂದು
ಇಬ್ಬರೂ ಸುಮ್ಮನೆ ಕಾದೆವು.